ಸೋಲದೆ ಹೊರಗುಳಿದವರು

ಟ್ಯಾಂಪಿನೀಸ್, ಸಿಂಗಪುರ
3 ಸೆಪ್ಟೆಂಬರ್ 2006, ಭಾನುವಾರ

ದ್ವಾರಕ ಮಾವನಿಗೆ ಮೀರಾಳ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಇಮೇಲ್‌ನಲ್ಲಿ ಕನ್ನಡ ಬರೆದರೆ ನಿಮ್ಮ ಕಡೆ ಬರೀ ಚೌಕ ಚೌಕವಾಗಿ ಕಾಣುತ್ತದೆ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ನೀವು ಓದುವುದಿಲ್ಲ ಎಂದು ಹಟ ಹಿಡಿದಿದ್ದೀರಿ. ಹಾಗಾಗಿ ಇಗೋ ಕಾಗದ, ಪೆನ್ನು, ಮತ್ತೆ ಹನ್ನೆರಡು ದಿನ ಕಾಯುವ ಯೋಗ. "ಇಡೀ ಸಿಂಗಪುರದಲ್ಲಿ ಇನ್ನೂ ಸ್ಟ್ಯಾಂಪ್ ಅಂಟಿಸೋಳು ನೀನೊಬ್ಳೇ ಕಣೇ" ಎಂದು ಗಿರಿಧರ್ ನಗುತ್ತಾರೆ. ನಗಲಿ ಬಿಡಿ, ನಿಮ್ಮ ಅಳಿಯನಿಗೆ ಬ್ಯಾಂಕಿನ ಸರ್ವರ್ ಬಿಟ್ಟರೆ ಬೇರೆ ಲೋಕ ಇಲ್ಲ.

ಈ ಸಲ ನಿಮ್ಮಿಂದ ಒಂದು ಉಪಕಾರ ಆಗಬೇಕು. ನಮ್ಮ ಕನ್ನಡ ಕೂಟದ ಹೆಂಗಸರ ಥ್ರೋಬಾಲ್ ಪಂದ್ಯಾವಳಿಗೆ ಈ ವರ್ಷ ನಾನು ಕಾರ್ಯದರ್ಶಿ. ಟ್ಯಾಂಪಿನೀಸ್ ತಂಡದ ನಾಯಕಿಯೂ ನಾನೇ. ಒಟ್ಟು ಆರು ತಂಡ. ಎಲ್ಲರೂ ಎಲ್ಲರ ಜೊತೆ ಆಡಬೇಕೆಂದರೆ ಹದಿನೈದು ಪಂದ್ಯ ಬೇಕು. ನಮಗೆ ಜುರಾಂಗ್ ವೆಸ್ಟ್‌ನ ಒಂದು ಶಾಲೆಯ ಅಂಗಳ ಸಿಕ್ಕಿರುವುದು ಐದೇ ಭಾನುವಾರಕ್ಕೆ. ಒಂದೊಂದು ತಂಡಕ್ಕೆ ಮೂರು ಪಂದ್ಯ ಬಂದರೆ ದೊಡ್ಡದು. ಆಮೇಲೆ ಫೈನಲ್‌ಗೆ ಎರಡು ತಂಡಗಳನ್ನು ಆರಿಸಬೇಕು. ಗೆದ್ದವರು ಜನವರಿಯಲ್ಲಿ ಕೌಲಾಲಂಪುರಕ್ಕೆ ಹೋಗಿ ಅಲ್ಲಿನ ಕನ್ನಡ ಸಂಘದ ತಂಡದ ಜೊತೆ ಆಡುತ್ತಾರೆ. ಹೋದ ವರ್ಷ ಈ ಆರಿಸುವ ಗಲಾಟೆಯಲ್ಲಿ ಇಬ್ಬರು ಗೆಳತಿಯರು ಮಾತು ಬಿಟ್ಟವರು ಇನ್ನೂ ಮಾತಾಡಿಲ್ಲ.

ನೀವಿರುವ ದೇಶದಲ್ಲಿ ಕಾಲೇಜು ಫುಟ್‌ಬಾಲಿಗೆ ನೂರಕ್ಕೂ ಹೆಚ್ಚು ತಂಡಗಳಿವೆ, ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ, ಆದರೂ ಕೊನೆಗೆ ಇಬ್ಬರನ್ನು ಹೆಕ್ಕುತ್ತಾರೆ ಎಂದು ಒಮ್ಮೆ ಬರೆದಿದ್ದಿರಿ. ಹೇಗೆ ಹೆಕ್ಕುತ್ತಾರೆ? ಸ್ಟ್ಯಾಟಿಸ್ಟಿಕ್ಸ್ ಮೇಷ್ಟರು ನೀವು, ನನಗೊಂದು ಲೆಕ್ಕ ಮಾಡಿಕೊಡಿ.

ಜುರಾಂಗ್ ವೆಸ್ಟ್ ತಂಡದ ನಾಯಕಿ ಮುರಿಗೆವ್ವ ಎಂಬುವರು. ಗದಗಿನ ಕಡೆಯವರು, ಐವತ್ತೆರಡು ವಯಸ್ಸು. ಗಂಡ ಶಿವಬಸಪ್ಪ ಹಡಗು ದುರಸ್ತಿಯ ಕಡೆ ಸೂಪರ್‌ವೈಸರ್. ಅವರ ಕೆಲಸದ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ, ಇಪ್ಪತ್ತೆಂಟಕ್ಕೆ ವಿಮಾನ, ಮತ್ತೆ ಬರುವುದಿಲ್ಲ. ಮೂರು ವರ್ಷದ ಹಿಂದೆ ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಮಕ್ಕಳಾಡುವುದನ್ನು ನೋಡುತ್ತ ನೋಡುತ್ತ ಆಟ ಕಲಿತರಂತೆ. ಮೊನ್ನೆ ಹೆಸರು ಬರೆಸಲು ಬಂದಾಗ ಮೊದಲು ನಮ್ಮ ಹಾಗೆಯೇ ಮಾತಾಡಿದರು. ಹೊರಡುವಾಗ ಮಾತ್ರ ಅವರ ಊರಿನ ಮಾತು ಬಂತು. "ಒಂದ ಸಲ ಫೈನಲ್ ಆಡಿ ಹೋಗಬೇಕ್ರಿ. ಹುಟ್ಟಿದಾಗಿಂದ ಯಾವ ಆಟದಾಗೂ ನನ್ನ ಯಾರೂ ಕರದಿಲ್ಲ."

ಬೇಗ ಬರೆಯಿರಿ.
ಮೀರಾ

ಅಮೆರಿಕ
17 ಸೆಪ್ಟೆಂಬರ್ 2006

ಚಿ. ಮೀರಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದಾಗ ಜಗಲಿಯಲ್ಲಿ ಕೂತಿದ್ದೆ. ನಿನ್ನೆ ಶನಿವಾರ. ಶನಿವಾರ ಇಲ್ಲಿ ಊರು ಊರಾಗಿರುವುದಿಲ್ಲ. ಅಂಗಡಿಯವನೂ ಪಾದ್ರಿಯೂ ನನ್ನ ವಿದ್ಯಾರ್ಥಿಗಳೂ ಒಂದೇ ಬಣ್ಣದ ಅಂಗಿ ತೊಟ್ಟು ಮೈದಾನದ ಕಡೆ ತೇಲಿ ಹೋಗುತ್ತಾರೆ. ಆ ಮೈದಾನದ ಕೃತಕ ಹುಲ್ಲು ನೀಲಿ ಕಣೇ, ನಿಜವಾಗಿ ನೀಲಿ. ಗುಡ್ಡದ ರಸ್ತೆಯಿಂದ ನೋಡಿದರೆ ಊರಿನ ನಡುವೆ ಯಾರೋ ಒಂದು ತುಂಡು ಆಕಾಶ ಬೀಳಿಸಿಕೊಂಡ ಹಾಗೆ ಕಾಣುತ್ತದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ, ಒಮ್ಮೆಯೂ ಒಳಗೆ ಹೋಗಿಲ್ಲ. ಜಗಲಿಯಲ್ಲಿ ಕೂತರೆ ಮೂವತ್ತು ಸಾವಿರ ಜನರ ಕೂಗು ಮೊದಲು ಬರುತ್ತದೆ, ಯಾಕೆ ಕೂಗಿದರೆಂದು ಟಿವಿ ಆಮೇಲೆ ಹೇಳುತ್ತದೆ. ನನಗೆ ಅಷ್ಟು ಸಾಕು.

ನೀನು ಕೇಳಿದ್ದಕ್ಕೆ ಬರುತ್ತೇನೆ. ಇಲ್ಲಿ ನೂರ ಹತ್ತೊಂಬತ್ತು ದೊಡ್ಡ ತಂಡಗಳು. ಒಂದೊಂದು ಹನ್ನೆರಡು ಹದಿಮೂರು ಪಂದ್ಯ ಆಡುತ್ತದೆ. ಡಿಸೆಂಬರಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಅದನ್ನು ಮೂರು ಪಾಲು ಮಾಡಿ ತೂಗುತ್ತಾರೆ. ಒಂದು ಪಾಲು ತರಬೇತುದಾರರ ಮತ. ಇನ್ನೊಂದು ಪಾಲು ಹಳೆಯ ಆಟಗಾರರು, ಪತ್ರಕರ್ತರು, ಅಂಥವರ ಮತ. ಮೂರನೆಯ ಪಾಲು ಆರು ಗಣಕಗಳದ್ದು. ಗಣಕಕ್ಕೆ ಯಾರು ಎಷ್ಟು ಅಂತರದಿಂದ ಗೆದ್ದರು ಎಂದು ಹೇಳಕೂಡದು, ಯಾರನ್ನು ಸೋಲಿಸಿದರು ಎಂದಷ್ಟೇ ಹೇಳಬೇಕು. ಆಡಿಸುವವರೇ ಮತ ಹಾಕುವುದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗಲ್ಲವೇ ಎಂದು ನೀನು ಕೇಳುತ್ತೀಯ. ನಾನೂ ಕೇಳಿದ್ದೆ. ಪಕ್ಕದ ಮನೆಯವನು ನಕ್ಕು, "ಅವರಿಗಲ್ಲದೆ ಇನ್ಯಾರಿಗೆ ಆಟ ಗೊತ್ತು?" ಎಂದ.

ನಿನಗೆ ಮೂರು ಪಾಲು ಬೇಡ, ಎರಡು ಸಾಕು. ಹಾಳೆಯ ಹಿಂಬದಿಯಲ್ಲಿ ವಿವರ ಬರೆದಿದ್ದೇನೆ, ಸಾರ ಇಷ್ಟು. ಒಟ್ಟು ಅಂಕದಲ್ಲಿ ಅರ್ಧ ಗೆಲುವಿನಿಂದ, ಅದರಲ್ಲೂ ಬಲವಾದ ತಂಡವನ್ನು ಸೋಲಿಸಿದರೆ ಹೆಚ್ಚು, ದುರ್ಬಲರನ್ನು ಸೋಲಿಸಿದರೆ ಕಡಿಮೆ. ಇನ್ನರ್ಧ ಆರು ನಾಯಕಿಯರ ಮತದಿಂದ. ಒಬ್ಬೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಆರೂ ತಂಡಗಳನ್ನು ಒಂದರಿಂದ ಆರರವರೆಗೆ ಬರೆಯಲಿ. ಮೊದಲ ಸ್ಥಾನಕ್ಕೆ ಆರು ಅಂಕ, ಕೊನೆಗೆ ಒಂದು. ತಮ್ಮ ತಂಡಕ್ಕೆ ತಾವೇ ಹಾಕಿಕೊಳ್ಳಬಾರದೆಂದು ನಿಯಮ ಮಾಡಬೇಡ. ಎಲ್ಲರೂ ತಮ್ಮನ್ನೇ ಮೊದಲು ಬರೆದುಕೊಳ್ಳುತ್ತಾರೆ, ಒಬ್ಬರದ್ದು ಇನ್ನೊಬ್ಬರದ್ದಕ್ಕೆ ವಜಾ ಆಗಿಹೋಗುತ್ತದೆ. ಇದು ಬಹಳ ಯೋಚಿಸಿ ಮಾಡಿದ ಸೂತ್ರ. ಧೈರ್ಯವಾಗಿ ಸಮಿತಿಯ ಮುಂದಿಡು.

ಪುಟ್ಟಿ ಗಗನಾಗೆ ಮುತ್ತು. ಅವಳು ಕನ್ನಡದಲ್ಲಿ ಎರಡು ಸಾಲು ಬರೆದರೆ ಒಂದು ಡಾಲರ್ ಎಂದು ಹೇಳು.
ದ್ವಾರಕನಾಥ್

ಟ್ಯಾಂಪಿನೀಸ್
16 ಅಕ್ಟೋಬರ್ 2006

ದ್ವಾರಕ ಮಾವನಿಗೆ,

ಸೂತ್ರ ಪಾಸಾಯಿತು. "ಅಮೆರಿಕದ ಪ್ರೊಫೆಸರ್ ಮಾಡಿದ್ದು" ಎಂದ ಕೂಡಲೇ ಸಮಿತಿಯ ಅಧ್ಯಕ್ಷ ಅನಂತರಾಮ್ ಕನ್ನಡಕ ತೆಗೆದು ಒರೆಸಿಕೊಂಡರು, ಓದಲೇ ಇಲ್ಲ.

ಇಲ್ಲೀಗ ಹೊಗೆಯ ಕಾಲ. ಸುಮಾತ್ರಾದಲ್ಲಿ ಕಾಡು ಸುಟ್ಟರೆ ನಮಗೆ ಊರಿಡೀ ಮಸುಕು. ಬೆಳಗ್ಗೆ ಪಾಸಿರ್ ಪಂಜಾಂಗ್‌ನ ಆಫೀಸಿನ ಕಿಟಕಿಯಿಂದ ನೋಡಿದರೆ ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ನಡುವೆ ಹಡಗುಗಳು ಮಾತ್ರ ನೇತುಬಿದ್ದಿರುತ್ತವೆ. ಯಾವ ಹಡಗು ಯಾವಾಗ ಒಳಗೆ ಬರಬೇಕು ಎಂಬ ಸರದಿಯನ್ನು ಬರೆಯುವುದೇ ನನ್ನ ಕೆಲಸವಲ್ಲವೇ? ಬರೆದು ಬರೆದು ಯಾವ ಹಡಗೂ ನನ್ನದಲ್ಲ ಎನ್ನುವುದು ಅಭ್ಯಾಸವಾಗಿಬಿಟ್ಟಿದೆ.

ಎಂಟನೇ ತಾರೀಕು ಆ ಹೊಗೆಯಲ್ಲೇ ಪಂದ್ಯ ಶುರುವಾಯಿತು. ಸೂರ್ಯ ಕಿತ್ತಳೆ ಹಣ್ಣಿನ ಹಾಗಿದ್ದ, ಬರಿಗಣ್ಣಲ್ಲಿ ನೋಡಬಹುದಿತ್ತು. ಚೆಂಡು ಮೇಲಕ್ಕೆ ಹೋದರೆ ಸ್ವಲ್ಪ ಹೊತ್ತು ಕಾಣುತ್ತಲೇ ಇರಲಿಲ್ಲ. ಎಲ್ಲರೂ ಕೈ ಚಾಚಿ ಮುಖ ಎತ್ತಿ ಕಾಯುತ್ತಿದ್ದೆವು. ಮುರಿಗೆವ್ವ ಆಂಟಿ ಮಾತ್ರ ಮೇಲೆ ನೋಡುವುದೇ ಇಲ್ಲ ಮಾವ. ಎಲ್ಲಿ ಬೀಳುತ್ತದೋ ಅಲ್ಲಿಗೆ ಎರಡು ಹೆಜ್ಜೆ ನಡೆದು ನಿಲ್ಲುತ್ತಾರೆ, ಚೆಂಡು ಬಂದು ಕೈಯಲ್ಲಿ ಕೂರುತ್ತದೆ, ಸದ್ದೇ ಇಲ್ಲ. ಚೂಡಿದಾರ್ ತೊಟ್ಟದ್ದೇ ಈ ಆಟಕ್ಕಾಗಿಯಂತೆ, ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಿರುತ್ತಾರೆ.

ಅವರು ಆಡಿದ ಎರಡನ್ನೂ ಗೆದ್ದಿದ್ದಾರೆ. ಆದರೆ ಎರಡೂ ಸಣ್ಣ ತಂಡಗಳ ಮೇಲೆ, ಚೀಟಿ ಎತ್ತಿದಾಗ ಹಾಗೆ ಬಂತು. ನಮ್ಮ ಟ್ಯಾಂಪಿನೀಸ್ ಒಂದು ಆಡಿ ಗೆದ್ದಿದೆ. ವುಡ್‌ಲ್ಯಾಂಡ್ಸ್ ಎಲ್ಲರಿಗಿಂತ ಜೋರು. ನಮಗೂ ಜುರಾಂಗ್ ವೆಸ್ಟ್‌ಗೂ ಪಂದ್ಯವೇ ಇಲ್ಲ. ಆಂಟಿಗೆ ಅದೇ ಬೇಜಾರು. "ನಿಮ್ಮ ಜೊತಿ ಆಡಿದ್ರ ತಿಳೀತಿತ್ರಿ, ನಾವು ಎಷ್ಟರವರು ಅಂತ" ಎಂದರು.

ಪಂದ್ಯ ಅವರ ಅಂಗಳದಲ್ಲಿ ನಡೆಯುವುದರಿಂದ ಪ್ರತಿ ವಾರ ಆರೂ ತಂಡಕ್ಕೆ ಅವರ ಕೈಯ ಮಂಡಕ್ಕಿ ಗಿರ್ಮಿಟ್ಟು, ಚಹಾ. ಗಗನಾ ಎರಡು ತಟ್ಟೆ ತಿಂದು "ಅಮ್ಮಾ, ಸೋ ನೈಸ್ ಲಾ, ನಾವೂ ಜುರಾಂಗ್‌ಗೆ ಶಿಫ್ಟ್ ಆಗೋಣ" ಎಂದಳು. ಕನ್ನಡದ ಎರಡು ಸಾಲು ಕೇಳಿದ್ದಕ್ಕೆ "ಡಾಲರ್ ಯಾವ್ದು, ಸಿಂಗಪುರ್‌ದಾ ಯುಎಸ್‌ದಾ?" ಎನ್ನುತ್ತಾಳೆ.

ಮೀರಾ

29 ಅಕ್ಟೋಬರ್ 2006

ಮೀರಾ, ಇದು ಕಾರ್ಡು, ಜಾಗ ಕಡಿಮೆ. ನಮ್ಮೂರ ಕಾಲೇಜು ತಂಡದ ಹುಡುಗರು ಇನ್ನೂ ಒಂದೂ ಸೋತಿಲ್ಲ. ಟಿವಿಯವರು ಮಾತ್ರ "ಯಾರನ್ನು ಸೋಲಿಸಿದ್ದಾರೆ ಮಹಾ?" ಎನ್ನುತ್ತಾರೆ. ದೊಡ್ಡವರು ನಮ್ಮ ಜೊತೆ ಆಡಲು ಬರುವುದಿಲ್ಲ, ಆಮೇಲೆ ದೊಡ್ಡವರ ಜೊತೆ ಆಡಿಲ್ಲ ಎಂದು ಬೈಯುತ್ತಾರೆ. ನಿನ್ನ ಮುರಿಗೆವ್ವನ ಕಥೆ ಓದಿ ನಗು ಬಂತು, ಸಂಕಟವೂ ಆಯಿತು. ಗುಡ್ಡದ ಮೇಲೆ ಮೊದಲ ಹಿಮ ಬಿದ್ದಿದೆ. ಗಗನಾಗೆ ಯುಎಸ್ ಡಾಲರ್ ಎಂದು ಹೇಳು.
ದ್ವಾ.

ಟ್ಯಾಂಪಿನೀಸ್
21 ನವೆಂಬರ್ 2006

ದ್ವಾರಕ ಮಾವನಿಗೆ,

ಹೊಗೆ ಹೋಗಿ ಮಳೆ ಬಂದಿದೆ. ದಿನಾ ಮೂರು ಗಂಟೆಗೆ ಸರಿಯಾಗಿ ಸುರಿಯುತ್ತದೆ. ಆಫೀಸಿನಿಂದ ಬರುವ ಬಸ್ಸಿನ ಗಾಜಿನಲ್ಲಿ ಊರು ಕರಗಿ ಇಳಿಯುತ್ತಿರುತ್ತದೆ, ನಾನು ಎಷ್ಟೋ ಸಲ ನನ್ನ ಸ್ಟಾಪ್ ದಾಟಿ ಹೋಗಿಬಿಡುತ್ತೇನೆ.

ಪಂದ್ಯಗಳು ಹನ್ನೆರಡನೇ ತಾರೀಕಿಗೆ ಮುಗಿದವು. ಹತ್ತೊಂಬತ್ತಕ್ಕೆ ಮತ. ನಾಯಕಿಯರು ಚೀಟಿಗಳನ್ನು ಡಬ್ಬಿಗೆ ಹಾಕಿದರು, ನಾನು ಮನೆಗೆ ತಂದು ಊಟದ ಮೇಜಿನ ಮೇಲೆ ಎಣಿಸಿದೆ. ವುಡ್‌ಲ್ಯಾಂಡ್ಸ್ ಮೊದಲು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎರಡನೆಯ ಜಾಗದಲ್ಲಿ ಮಾತ್ರ ಒಂದೂ ಸೋಲದ ತಂಡವೊಂದು ಎರಡೇ ಎರಡು ಅಂಕದಿಂದ ಹೊರಗುಳಿಯಿತು. ಮತದಲ್ಲಿ ಕಡಿಮೆ ಬಂತು. ಒಬ್ಬ ನಾಯಕಿಯಂತೂ ಅವರನ್ನು ನಾಲ್ಕಕ್ಕೆ ಹಾಕಿದ್ದಾಳೆ.

ಸೂತ್ರ ಸರಿ ಇದೆಯಲ್ಲವೇ ಮಾವ? ಎರಡು ಸಲ ಕೂಡಿದೆ, ಅದೇ ಬಂತು. ಅನ್ಯಾಯವಾಯಿತೇನೋ ಎಂದು ಅನ್ನಿಸುತ್ತದೆ. ಆದರೆ ನಿಯಮದ ಪ್ರಕಾರ ನಡೆದಿದ್ದನ್ನು ಅನ್ಯಾಯ ಎನ್ನಬಹುದೇ? ನೀವೇ ಹೇಳಬೇಕು.

ಈಚೆಗೆ ಒಂದೇ ಕನಸು. ನಾನು ಚೆಂಡು ಎಸೆಯುತ್ತೇನೆ, ಅದು ಮೇಲೆ ಹೋಗುತ್ತದೆ, ಇಳಿಯುವುದಿಲ್ಲ. ಆಚೆ ಕಡೆ ಯಾರೋ ಕೈ ಚಾಚಿಕೊಂಡು ನಿಂತೇ ಇರುತ್ತಾರೆ. ಎಚ್ಚರವಾದಾಗ ಬೆಳಕಾಗಿರುತ್ತದೆ, ಕೆಳಗೆ ಯಾರೋ ಎಲೆ ಗುಡಿಸುವ ಸದ್ದು.

ನಿನ್ನೆ ಯಾರದೋ ಕೈಯಲ್ಲಿ ಮುರಿಗೆವ್ವ ಆಂಟಿ ಗಿರ್ಮಿಟ್ಟು ಕಳಿಸಿದ್ದರು. ನನಗೆ ಹಸಿವಿರಲಿಲ್ಲ.

ಫೈನಲ್ ಡಿಸೆಂಬರ್ ಹತ್ತಕ್ಕೆ.
ಮೀರಾ

ಅಮೆರಿಕ
4 ಡಿಸೆಂಬರ್ 2006

ಚಿ. ಮೀರಾ,

ನಿನ್ನ ಕಾಗದ ಶನಿವಾರ ಬಂತು. ಎರಡು ಸಲ ಓದಿದೆ. ನಿನ್ನ ಟ್ಯಾಂಪಿನೀಸ್ ಹೊರಗುಳಿಯಿತು ಎಂದು ಬಾಯಿಬಿಟ್ಟು ಬರೆಯಲು ನಿನ್ನ ಸ್ವಾಭಿಮಾನ ಒಪ್ಪಲಿಲ್ಲ, ಗೊತ್ತಾಯಿತು ಬಿಡು. ಮಗುವಾಗಿದ್ದಾಗಲೂ ಬಿದ್ದು ಮಂಡಿ ತರಚಿಕೊಂಡರೆ "ನೆಲಕ್ಕೆ ಪೆಟ್ಟಾಯ್ತು" ಎನ್ನುತ್ತಿದ್ದೆ. ಒಂದೂ ಸೋಲದೆ ಎರಡು ಅಂಕಕ್ಕೆ ಹೊರಗೆ. ನಮ್ಮ ಗತಿಯೂ ಅದೇ ಆಯಿತು ನೋಡು.

ನಿನ್ನೆ ಇಲ್ಲಿ ಪಟ್ಟಿ ಬಂತು. ನಮ್ಮ ಹುಡುಗರು ಹನ್ನೆರಡಕ್ಕೆ ಹನ್ನೆರಡೂ ಗೆದ್ದರು. ಸಿಕ್ಕಿದ್ದು ಎಂಟನೆಯ ಸ್ಥಾನ. ಎರಡು ಸಲ ಸೋತವರೂ ನಮಗಿಂತ ಮೇಲಿದ್ದಾರೆ. ಎರಡನೆಯ ಜಾಗಕ್ಕೆ ಒಂದೊಂದು ಸೋಲು ಕಂಡ ಎರಡು ತಂಡಗಳ ಜಗಳ, ಅದರಲ್ಲಿ ನಮ್ಮ ಹೆಸರನ್ನು ಯಾರೂ ಎತ್ತಲೇ ಇಲ್ಲ. ಪಟ್ಟಿ ಓದುವಾಗ ಬೀದಿ ಎಷ್ಟು ಸುಮ್ಮನಿತ್ತೆಂದರೆ ಹಿಮ ಬೀಳುವುದು ಕೇಳುತ್ತಿತ್ತು. ಪಕ್ಕದ ಮನೆಯವನು ಮೆಟ್ಟಿಲ ಮೇಲೆ ಆ ಬಣ್ಣದ ಅಂಗಿಯಲ್ಲೇ ಕೂತಿದ್ದ. ನಾನು ಒಂದು ಲೋಟ ಕಾಫಿ ಕೊಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅವನ ಪಕ್ಕ ಕೂತದ್ದು ಅದೇ ಮೊದಲು.

ಕಾರಣ ಕೇಳಿದರೆ ನೂರು ಹೇಳುತ್ತಾರೆ. ನನಗೆ ಸಿಟ್ಟು ಯಂತ್ರದ ಮೇಲಲ್ಲ, ಅದಕ್ಕೆ ಹೃದಯವೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಸಿಟ್ಟು ಬರುವುದು ಚೀಟಿ ಹಿಡಿದು ಕೂತ ಮನುಷ್ಯನ ಮೇಲೆ. ನಿನ್ನ ತಂಡವನ್ನು ನಾಲ್ಕಕ್ಕೆ ಹಾಕಿದ ಆ ನಾಯಕಿ ಯಾರು? ಅವಳಿಗೆ ಆಟ ಗೊತ್ತಿಲ್ಲದೆ ಹಾಕಿದಳೋ, ಚೆನ್ನಾಗಿ ಗೊತ್ತಿದ್ದೇ ಹಾಕಿದಳೋ? ಗೊತ್ತಿದ್ದೇ ಹಾಕಿದ್ದರೆ ಅವಳು ರಾತ್ರಿ ಹೇಗೆ ನಿದ್ದೆ ಮಾಡುತ್ತಾಳೆ ಎಂದು ಕೇಳಬೇಕು ನೀನು.

ಇನ್ನೊಂದು ಮಾತು. ಮೊದಲ ಸ್ಥಾನದಲ್ಲಿರುವ ತಂಡದ ತರಬೇತುದಾರ ಈ ಕಡೆಯ ವಾರ ಮತ ಹಾಕಲು ಒಪ್ಪಲಿಲ್ಲವಂತೆ. ತನ್ನ ಮತದಿಂದ ತನ್ನ ಎದುರಾಳಿ ಯಾರೆಂದು ನಿರ್ಧಾರವಾಗುವುದು ತನಗೆ ಸರಿ ಕಾಣುವುದಿಲ್ಲ ಎಂದನಂತೆ. ಹಾಗೂ ಒಬ್ಬ ಇದ್ದಾನಲ್ಲ ಎಂದು ಸಮಾಧಾನ. ಕಡೆಯ ವಾರ ಯಾರು ಯಾರಿಗೆ ಮತ ಹಾಕಿದರೆಂದು ಪೇಪರಿನಲ್ಲಿ ಹೆಸರು ಸಮೇತ ಹಾಕುತ್ತಾರೆ. ಕತ್ತರಿಸಿ ಇಟ್ಟಿದ್ದೇನೆ, ನೋಡು. ನಿಮ್ಮ ಕೂಟದಲ್ಲೂ ಹಾಗೆ ಮಾಡಿಸು.

ಬೇಜಾರು ಮಾಡಿಕೊಳ್ಳಬೇಡ ಮಗಳೇ.
ದ್ವಾರಕನಾಥ್

ಟ್ಯಾಂಪಿನೀಸ್
18 ಡಿಸೆಂಬರ್ 2006

ದ್ವಾರಕ ಮಾವನಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಮ್ಮ ಕಾಗದವನ್ನು ಲಿಫ್ಟಿನಲ್ಲಿ ನಿಂತು ಓದಿದೆ. ಹನ್ನೊಂದನೆಯ ಮಹಡಿ ಬಂದು ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು, ನಾನು ಇಳಿಯಲಿಲ್ಲ.

ಹೊರಗುಳಿದದ್ದು ಟ್ಯಾಂಪಿನೀಸ್ ಅಲ್ಲ ಮಾವ. ಜುರಾಂಗ್ ವೆಸ್ಟ್. ಅವರು ಮೂರಕ್ಕೆ ಮೂರೂ ಗೆದ್ದಿದ್ದರು. ನಾವು ಎರಡು ಗೆದ್ದು ವುಡ್‌ಲ್ಯಾಂಡ್ಸ್ ಕೈಲಿ ಒಂದು ಸೋತಿದ್ದೆವು. ಫೈನಲ್ ಆಡಿದ್ದು ನಾವು. ಗೆದ್ದದ್ದೂ ನಾವೇ. ಕಪ್ಪು ನಮ್ಮ ಟಿವಿಯ ಪಕ್ಕದಲ್ಲಿದೆ.

ನಾಲ್ಕಕ್ಕೆ ಹಾಕಿದವಳು ನಾನು. ಆಟ ಚೆನ್ನಾಗಿ ಗೊತ್ತಿದ್ದೇ ಹಾಕಿದೆ. ನಾವು ಒಂದು, ವುಡ್‌ಲ್ಯಾಂಡ್ಸ್ ಎರಡು, ಅವರು ಮೂರು ಎಂದು ಬರೆಯಲು ಹೊರಟೆ. ಕೈ ತಾನಾಗಿ ಕೆಳಗಿಳಿಯಿತು. ಆರು ವರ್ಷದಿಂದ ಬೇರೆಯವರ ಹಡಗಿಗೆ ಸರದಿ ಬರೆದಿದ್ದೇನೆ, ಒಂದೇ ಒಂದು ಸಲ ನನ್ನ ಹೆಸರು ಮೇಲೆ ಬರಲಿ ಎಂದು ಆಸೆಯಾಯಿತು. ಅಷ್ಟೇ ಆಗಿದ್ದರೆ ಎಲ್ಲರೂ ಮಾಡುತ್ತಾರೆ ಎಂದು ಹೇಗೋ ನುಂಗಿಕೊಳ್ಳುತ್ತಿದ್ದೆ.

ಇನ್ನೊಂದಿದೆ. ಆರು ಚೀಟಿಗಳಲ್ಲಿ ಐದು ಇಂಗ್ಲಿಷ್ ಅಂಕಿಯಲ್ಲಿದ್ದವು. ಒಂದರಲ್ಲಿ ಮಾತ್ರ ೧, ೨, ೩ ಎಂದು ಕನ್ನಡದ ಅಂಕಿಗಳು, ಮಗ್ಗಿ ಬರೆದ ಹಾಗೆ ದುಂಡಗೆ. ಹೆಸರಿಲ್ಲದಿದ್ದರೂ ಯಾರದ್ದೆಂದು ತಿಳಿಯುತ್ತದೆ. ಮೊದಲು ವುಡ್‌ಲ್ಯಾಂಡ್ಸ್. ಎರಡನೆಯದು ಟ್ಯಾಂಪಿನೀಸ್. ಜುರಾಂಗ್ ವೆಸ್ಟ್ ಎದುರಿಗೆ ೬. ಮುರಿಗೆವ್ವ ಆಂಟಿ ತಮ್ಮ ತಂಡವನ್ನು ತಾವೇ ಕಡೆಗೆ ಹಾಕಿದ್ದರು.

ಮಧ್ಯಾಹ್ನದ ಹೊತ್ತು. ಗಗನಾ ಸೋಫಾ ಮೇಲೆ ಮಲಗಿದ್ದಳು, ಫ್ಯಾನ್ ಗಾಳಿಗೆ ಚೀಟಿಗಳು ಹಾರದ ಹಾಗೆ ಚಮಚ ಇಟ್ಟಿದ್ದೆ. ಆರು ಎಂದರೆ ಆರು ಅಂಕ ಎಂದು ತಿಳಿದು ತಲೆಕೆಳಗಾಗಿ ಬರೆದಿರಬಹುದೇ ಎಂದು ಮೊದಲು ಅನ್ನಿಸಿತು. ಆದರೆ ವುಡ್‌ಲ್ಯಾಂಡ್ಸ್ ಸರಿಯಾಗಿ ಮೇಲಿದೆ, ಸೋತ ತಂಡಗಳು ಸರಿಯಾಗಿ ಕೆಳಗಿವೆ. ತಮ್ಮದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿ. ಎಲ್ಲರ ಹಾಗೆ ತಮ್ಮನ್ನು ಮೊದಲು ಬರೆದುಕೊಂಡಿದ್ದರೆ ಅವರಿಗೆ ಐದು ಅಂಕ ಹೆಚ್ಚು ಸಿಗುತ್ತಿತ್ತು. ಅವರು ಹೊರಗುಳಿದದ್ದು ಎರಡು ಅಂಕಕ್ಕೆ. ನನ್ನ ಚೀಟಿ ಹೇಗಿದ್ದರೂ ಅವರೇ ಫೈನಲ್ ಆಡುತ್ತಿದ್ದರು.

ಒಂದು ಫೋನ್ ಮಾಡಿ "ಆಂಟಿ, ಸರಿಯಾಗೇ ಬರ್ದಿದೀರಾ?" ಎಂದು ಕೇಳಿದ್ದರೆ ಆಗಿಹೋಗುತ್ತಿತ್ತು. ಫೋನ್ ಕೈಲಿ ಹಿಡಿದೆ. ಆಮೇಲೆ ಮತ ಗುಪ್ತವಲ್ಲವೇ, ಕೇಳುವುದು ತಪ್ಪಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು ಕೆಳಗಿಟ್ಟೆ. ಎಷ್ಟು ನ್ಯಾಯವಾಗಿ ಇಟ್ಟೆ ನೋಡಿ.

ಫೈನಲ್ ದಿನ ಅವರು ಅಂಗಳದ ಅಂಚಿನಲ್ಲಿ ನಿಂತು ನಮಗೆ ಚಪ್ಪಾಳೆ ತಟ್ಟಿದರು. ಚೂಡಿದಾರ್ ತೊಟ್ಟಿರಲಿಲ್ಲ, ಸೀರೆಯಲ್ಲಿದ್ದರು. ಅವರು ಹೋಗಲು ಇನ್ನು ಹತ್ತು ದಿನ ಇದೆ. ಹೇಳುವ ಧೈರ್ಯ ನನಗಿಲ್ಲ ಮಾವ. ನಿಮಗೆ ಬರೆಯುವುದು ಸುಲಭ, ನಿಮ್ಮ ಮುಖ ನನಗೆ ಕಾಣುವುದಿಲ್ಲ.

ಮೀರಾ

ಅಮೆರಿಕ
2 ಜನವರಿ 2007

ಮೀರಾ,

ನಿನ್ನ ಕಾಗದ ಮೂವತ್ತನೆಯ ತಾರೀಕು ಬಂತು. ಕೂಡಲೇ ಹೋಗಿ ಅವರಿಗೆ ಹೇಳು ಎಂದು ಬರೆಯಲು ಕೂತೆ. ಕ್ಯಾಲೆಂಡರ್ ನೋಡಿದರೆ ಅವರು ಹೊರಟು ಎರಡು ದಿನವಾಗಿತ್ತು. ಈ ಹಾಳು ಹಟ ನನ್ನದೇ, ಕಾಗದವೇ ಬೇಕು ಎಂದದ್ದು. ಫೋನ್ ಮಾಡಲು ಹೋದೆ. ಏನು ಹೇಳಬೇಕೆಂದು ತಿಳಿಯಲಿಲ್ಲ, ಇಟ್ಟುಬಿಟ್ಟೆ. ಫೋನ್ ಇಡುವುದು ನಿನಗೊಬ್ಬಳಿಗೇ ಬರುತ್ತದೆ ಎಂದುಕೊಳ್ಳಬೇಡ.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಆ ಸೂತ್ರವನ್ನು ಬಹಳ ಯೋಚಿಸಿ ಮಾಡಿದ್ದೆಂದು ಬರೆದೆನಲ್ಲ, ಅದು ಸುಳ್ಳು. ಆಟದ ಮಧ್ಯಂತರದಲ್ಲಿ, ಬ್ಯಾಂಡಿನ ಸದ್ದು ಕೇಳುತ್ತ, ಹತ್ತು ನಿಮಿಷದಲ್ಲಿ ಗೀಚಿದ್ದು. ಅರ್ಧ ಅರ್ಧ ಯಾಕೆ ಎಂದರೆ ಯಾಕೂ ಇಲ್ಲ, ಕೂಡಲು ಸುಲಭ. ಎಲ್ಲರೂ ತಮ್ಮನ್ನೇ ಮೊದಲು ಬರೆದುಕೊಳ್ಳುತ್ತಾರೆ ಎಂದದ್ದು ಇಲ್ಲಿಯವರನ್ನು ನೋಡಿ. ನಮ್ಮವರಲ್ಲಿ ಒಬ್ಬರು ಹಾಗೆ ಬರೆಯದೆ ಇರಬಹುದು ಎನ್ನುವುದು ನನಗೆ ಹೊಳೆಯಲೇ ಇಲ್ಲ. ಪಾಪ, ಸಂಕೋಚದ ಹೆಂಗಸು. ಮೂವತ್ತು ವರ್ಷ ಪಾಠ ಹೇಳಿದ್ದು ದಂಡ.

ನಮ್ಮ ಹುಡುಗರು ನಿನ್ನೆ ಮರಳುಗಾಡಿನ ಊರಿನಲ್ಲಿ ಒಂದು ದೊಡ್ಡ ತಂಡದ ಜೊತೆ ಆಡಿದರು. ಒಂದೇ ಒಂದು ಅಂಕದಿಂದ ಗೆದ್ದರು. ಊರು ಬೆಳಗಿನ ತನಕ ಕೂಗಿತು, ನಾನೂ ಬೀದಿಗಿಳಿದು ಕೂಗಿದೆ. ಈಗ ಹದಿಮೂರಕ್ಕೆ ಹದಿಮೂರು. ಆದರೂ ಮುಂದಿನ ವಾರ ಕಿರೀಟಕ್ಕಾಗಿ ಆಡುವವರು ಬೇರೆಯವರು. ಇವರನ್ನು ಒಳಗೆ ಬಿಟ್ಟಿದ್ದರೆ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಪ್ರೀತಿ ಅದಕ್ಕಿಂತ ಹೆಚ್ಚು ಇದೆ. ಗದಗಿನ ವಿಳಾಸ ಹುಡುಕಿ ಬರೆ.
ದ್ವಾರಕ ಮಾವ

ಟ್ಯಾಂಪಿನೀಸ್
14 ಜನವರಿ 2007

ದ್ವಾರಕ ಮಾವನಿಗೆ,

ಗದಗಿಗೆ ಬರೆಯಬೇಕಾಗಿಲ್ಲ. ನಿಮ್ಮ ಕಾಗದ ಬರುವ ಮೊದಲೇ ನಾನು ಹೋಗಿ ಬಂದಿದ್ದೆ. ಮೂರು ವಾರದಿಂದ ನಿಮಗೆ ಬರೆಯಲು ಕೂರುತ್ತೇನೆ, ಎದ್ದುಬಿಡುತ್ತೇನೆ.

ಮೊದಲು ಸುಲಭದ್ದನ್ನು ಹೇಳಿಬಿಡುತ್ತೇನೆ. ಹೋದ ಭಾನುವಾರ ಕೂಟದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಎರಡು ಚೀಟಿಗಳನ್ನೂ ಮೇಜಿನ ಮೇಲಿಟ್ಟೆ. ಕಪ್ಪು ವಾಪಸು ಕೊಟ್ಟೆವು. ನನ್ನ ತಂಡದ ನಾಲ್ವರು ನನ್ನ ಜೊತೆ ಮಾತಾಡುತ್ತಿಲ್ಲ, ಅವರದ್ದು ತಪ್ಪಲ್ಲ. ಕೌಲಾಲಂಪುರಕ್ಕೆ ಜುರಾಂಗ್ ವೆಸ್ಟ್ ಹೋಗಲಿ ಎಂದೆ. ನಾಯಕಿ ಇಲ್ಲದೆ ಹೋಗುವುದಿಲ್ಲ ಎಂದರು. ವುಡ್‌ಲ್ಯಾಂಡ್ಸ್ ಹೋಗುತ್ತಿದೆ.

ಅವರ ಮನೆಗೆ ಹೋದದ್ದು ಡಿಸೆಂಬರ್ ಇಪ್ಪತ್ನಾಲ್ಕರ ಮಧ್ಯಾಹ್ನ. ಆ ವಾರವಿಡೀ ಮಳೆ ಬಿದ್ದು ಆವತ್ತು ಹೊಳವಾಗಿತ್ತು, ಎಮ್‌ಆರ್‌ಟಿ ರೈಲಿನ ಕಿಟಕಿಯಿಂದ ಊರೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಊರಿನ ಈ ತುದಿಯಿಂದ ಆ ತುದಿಗೆ ಹೋಗುವ ದಾರಿ, ಗಂಟೆಗಿಂತ ಹೆಚ್ಚು. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ವಾಪಸು ಹೋಗಬಹುದಿತ್ತು. ಹೇಗೋ ಇಳಿಯಲಿಲ್ಲ.

ಮನೆ ಖಾಲಿಯಾಗಿತ್ತು. ಶಿವಬಸಪ್ಪ ಅಂಕಲ್ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ಆಂಟಿ ನೆಲದ ಮೇಲೆ ಪೇಪರ್ ಹಾಸಿ ನನ್ನನ್ನು ಕೂರಿಸಿದರು. ನಾನು ಚೀಟಿ ತೆಗೆದು ಇಟ್ಟೆ.

"ಇದನ್ನ ನಾನು ಆವತ್ತೇ ನೋಡಿದ್ದೆ ಆಂಟಿ. ನೀವು ತಪ್ಪಾಗಿ ಬರ್ದಿದೀರಿ ಅನ್ನಿಸ್ತು. ಕೇಳ್ಬೇಕಿತ್ತು, ಕೇಳ್ಲಿಲ್ಲ. ನಾವು ಫೈನಲ್‌ಗೆ ಹೋಗ್ಲಿ ಅಂತ ಸುಮ್ನಿದ್ದೆ. ನನ್ನ ಚೀಟೀಲಿ ನಿಮ್ಮನ್ನ ಬೇಕೂಂತ್ಲೇ ನಾಲ್ಕಕ್ಕೆ ಹಾಕ್ದೆ."

ಅವರು ಚೀಟಿಯನ್ನು ದೂರ ಹಿಡಿದು ಓದಿದರು, ಕನ್ನಡಕ ಪೆಟ್ಟಿಗೆಯೊಳಗೆ ಹೋಗಿತ್ತು. "ತಪ್ಪಲ್ರಿ ಇದು" ಎಂದರು. "ನಮ್ಮ ಅಂಗಳದಾಗ ಆಟ ಇಟ್ಟಿದ್ರಿ. ಅಂದಮ್ಯಾಲೆ ನೀವೆಲ್ಲಾ ನಮ್ಮ ಮನಿಗೆ ಬಂದಂಗ ಆತು. ಬಂದವರನ್ನ ಕುಂದ್ರಿಸಿ, ನಾವು ಕಡೀಗೆ. ನಮ್ಮ ಹೆಸರು ನಾವ ಮೊದಲ ಬರಕೊಳ್ಳೂದು ಹೆಂಗ್ರಿ?"

"ಹಾಗಾದ್ರೆ ನಿಮಗೆ ಫೈನಲ್ ಬೇಡವಾಗಿತ್ತಾ?"

ಆಂಟಿ ಚೀಟಿಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ, ಸಿಟ್ಟಿಲ್ಲದೆ, ಚಿಕ್ಕ ಮಕ್ಕಳಿಗೆ ಮನೆಯ ರೀತಿ ಹೇಳಿಕೊಡುವ ಹಾಗೆ ಹೇಳಿದರು.

"ಬೇಕಿತ್ರಿ. ಭಾಳ ಬೇಕಿತ್ತು. ನೋಡ್ರಿ ಮೀರಾ, ಮನಿಯಾಕಿ ಕಡೀಗೆ ಉಣ್ಣೂದು ಖರೆ. ಆದ್ರ ಉಂಡವರೊಳಗ ಯಾರರ ಒಬ್ರು ಹೊಳ್ಳಿ ನೋಡಿ, ಬರ್ರಿ, ನೀವೂ ಕುಂದ್ರಿ ಅಂತಾರಲ್ರಿ. ಅಂದಮ್ಯಾಲೆ ಕುಂದ್ರತೇವಿ. ಯಾರರ ಒಬ್ರು ಅಂತೀರಿ ಅಂತ ಫೈನಲ್ ತನಕಾ ಹಾದಿ ನೋಡಿದೆ."

ಆ ಚೀಟಿಯನ್ನು ಓದಿದ್ದು ನಾನೊಬ್ಬಳೇ ಮಾವ. ಕರೆಯಬೇಕಾಗಿದ್ದವಳು ನಾನು. ಅವರನ್ನು ನೋಡಿದೆ, ಕರೆಯಲಿಲ್ಲ.

ಮೀರಾ